ಹಾಡು ಕಳಿಸುವ ಮುಂಚೆ ತಂಬೂರಿ ಕಳಿಸಿ

ಕಳೆದ ಮಳೆಗಾಲದಲ್ಲಿ ನಮ್ಮ ಗುಂಪು ಒಂದು ತತ್ವಪದ ರೆಕಾರ್ಡ್ ಮಾಡಲು ಹೊರಟಿತು. ಹಾಡುವವರು ಧಾರವಾಡದ ಮಾಳಮಡ್ಡಿಯಲ್ಲಿ. ತಬಲಾದವರು ಗದಗದಲ್ಲಿ. ಗಿಟಾರ್ ಹುಡುಗ ಕೆಲಸಕ್ಕೆಂದು ಬೆಂಗಳೂರು ಸೇರಿದ್ದಾನೆ, ಕೊಳಲಿನವಳು ಮದುವೆಯಾಗಿ ಪುಣೆಗೆ ಹೋಗಿದ್ದಾಳೆ. ಪೇಟಿ (ಹಾರ್ಮೋನಿಯಂ) ನುಡಿಸುವ ನಾನು ಹುಬ್ಬಳ್ಳಿಯಲ್ಲಿ. ಎಲ್ಲರೂ ತಂತಮ್ಮ ಮನೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆವು. ಎರಡು ವಾರದ ಮೇಲೆ ಐದನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ಕೇಳಿದರೆ ತಬಲಾ ಪ್ರತಿ ಆವರ್ತನಕ್ಕೂ (ತಾಳದ ಪ್ರತಿ ಸುತ್ತಿಗೂ) ಸಮ್, ಅಂದರೆ ಸುತ್ತಿನ ಮೊದಲ ಪೆಟ್ಟು, ದಾಟಿ ಬೀಳುತ್ತಿತ್ತು, ಪೇಟಿ ಮತ್ತು ಗಿಟಾರ್ ಒಂದಕ್ಕೊಂದು ಸೇರುತ್ತಲೇ ಇರಲಿಲ್ಲ. ಗದಗದಿಂದ ಫೋನ್ ಬಂತು. "ಅಣ್ಣಾರ, ನಾ ಬಾರಿಸಿದ್ದು ಎಲ್ಲೈತ್ರೀ, ಅವ್ರು ಹಾಡಿದ್ದು ಎಲ್ಲೈತಿ?"

ಯಾರದೂ ತಪ್ಪಿರಲಿಲ್ಲ. ಒಬ್ಬೊಬ್ಬರದನ್ನೇ ಬೇರೆಯಾಗಿ ಕೇಳಿದರೆ ಎಲ್ಲರೂ ಚೆನ್ನಾಗಿಯೇ ನುಡಿಸಿದ್ದರು. ಹಾಗಾದರೆ ಕೆಟ್ಟದ್ದು ಎಲ್ಲಿ? ಇದನ್ನು ಹುಡುಕುತ್ತ ಹೋದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ತೊಂದರೆ ನಮ್ಮೊಬ್ಬರದಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮ, ಧಾರವಾಡದ ಸಂಗೀತ ಕಾಲೇಜು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಗುರುಕುಲ, ಇಂಥ ಕಡೆ ಕಲಿತವರು ನಮ್ಮಲ್ಲಿ ಕಮ್ಮಿ ಇಲ್ಲ. ಆದರೆ ಕಲಿತ ಮೇಲೆ ಹೊಟ್ಟೆಪಾಡಿಗೆ ಊರು ಬಿಡುವವರೇ ಜಾಸ್ತಿ. ಗುಂಪು ಉಳಿಯಬೇಕು ಅಂದರೆ ಹಾಡು ಫೈಲಾಗಿ ಓಡಾಡಬೇಕು, ಬೇರೆ ದಾರಿ ಇಲ್ಲ.

ಮೊದಲು ಎಲ್ಲರ ತಲೆಗೂ ಬರುವ ಪ್ರಶ್ನೆ: ವಿಡಿಯೊ ಕಾಲ್ ಮಾಡಿಕೊಂಡು ಒಟ್ಟಿಗೆ ನುಡಿಸಿದರೆ ಆಗೋದಿಲ್ವಾ?

ಆಗುವುದಿಲ್ಲ. ಕಾರಣ ಸರಳ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಕಟ್ಟೆಯ ಮೇಲೆ ಗಾಯಕರಿಗೂ ತಬಲಾಕ್ಕೂ 2 ಮೀಟರ್ ದೂರ ಇದ್ದರೆ ಪೆಟ್ಟು ಕಿವಿಗೆ ಬೀಳುವುದಕ್ಕೆ 6 ಮಿಲಿಸೆಕೆಂಡ್ ಸಾಕು. 10 ಮೀಟರ್ ದೂರ ಕೂತರೆ 29 ಮಿಲಿಸೆಕೆಂಡ್ ಆಗುತ್ತದೆ. ಅಲ್ಲಿಂದಾಚೆಗೆ ಲಯ ಹಿಡಿಯುವುದು ಕಷ್ಟ, ಒಬ್ಬರನ್ನೊಬ್ಬರು ಕಾಯುತ್ತ ಹಾಡು ನಿಧಾನ ಆಗುತ್ತ ಹೋಗುತ್ತದೆ. ವಿಡಿಯೊ ಕಾಲಿನಲ್ಲಿ ಈ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟುತ್ತದೆ. ದ್ರುತದಲ್ಲಿ, ಅಂದರೆ ಜೋರು ಲಯದಲ್ಲಿ, ನಿಮಿಷಕ್ಕೆ 240 ಮಾತ್ರೆ (ತಾಳದ ಎಣಿಕೆ) ಓಡುತ್ತಿದ್ದರೆ ಒಂದು ಮಾತ್ರೆಗೆ ಸಿಗುವುದು 250 ಮಿಲಿಸೆಕೆಂಡ್. ಅಂದರೆ ಹತ್ತಿರ ಹತ್ತಿರ ಅರ್ಧ ಮಾತ್ರೆ ದಾರಿಯಲ್ಲೇ ಕಳೆದುಹೋಯಿತು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಅಷ್ಟು ದೂರ ಓಡಲು 2 ಮಿಲಿಸೆಕೆಂಡ್ ಸಾಕು. ತಡ ಆಗುವುದು ದೂರದಿಂದಲ್ಲ. ಫೋನು ಶಬ್ದವನ್ನು ಹಿಡಿದು, ಹಿಂಡಿ, ಕಟ್ಟು ಕಟ್ಟಿ ಕಳಿಸುತ್ತದೆ, ಆ ಕಡೆಯ ಫೋನು ಕಟ್ಟು ಬಿಚ್ಚಿ, ಎಲ್ಲ ಬಂತೇ ಎಂದು ಕಾದು, ಆಮೇಲೆ ಕೇಳಿಸುತ್ತದೆ. ಇದನ್ನೆಲ್ಲ ಕಮ್ಮಿ ಮಾಡುವ ಜಾಮುಲಸ್, ಸೋನೋಬಸ್ ಥರದ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತವೆ. ಇಬ್ಬರ ಮನೆಯಲ್ಲೂ ಫೈಬರ್ ಇದ್ದು, ವೈಫೈ ಬಿಟ್ಟು ವೈರ್ ಹಾಕಿ, ವೈರಿನ ಇಯರ್‌ಫೋನ್ ಹಾಕಿಕೊಂಡರೆ ಹುಬ್ಬಳ್ಳಿ-ಧಾರವಾಡದ ನಡುವೆ ತಾಲೀಮು ಮಾಡಬಹುದು. ಮೊಬೈಲ್ ಡೇಟಾ ಮೇಲೆ ಮಾತ್ರ ಇದನ್ನು ನಂಬಬೇಡಿ.

ನಿಂಜಾಮ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇದೆ, 2005ರಷ್ಟು ಹಳೆಯದು. ಅದನ್ನು ಮಾಡಿದವರು ತಡವನ್ನು ಕಮ್ಮಿ ಮಾಡಲು ಹೋಗಲೇ ಇಲ್ಲ. ಬದಲಿಗೆ ತಡವನ್ನೇ ಒಂದು ಪೂರ್ತಿ ಸುತ್ತಿನಷ್ಟು ಹಿಗ್ಗಿಸಿದರು. ನೀವು ಈಗ ಕೇಳುತ್ತಿರುವುದು ಉಳಿದವರು ಹಿಂದಿನ ಸುತ್ತಿನಲ್ಲಿ ನುಡಿಸಿದ್ದನ್ನು. ಆವರ್ತನದ ಲೆಕ್ಕದಲ್ಲೇ ಬೆಳೆದ ನಮಗೆ ಇದು ಥಟ್ಟನೆ ಅರ್ಥ ಆಗುತ್ತದೆ. ತೀನತಾಲದ 16 ಮಾತ್ರೆ ಒಂದು ಸುತ್ತು ಅಂತ ಇಟ್ಟರೆ, ಲೆಹರಾ (ತಬಲಾಕ್ಕಾಗಿ ಮತ್ತೆ ಮತ್ತೆ ನುಡಿಸುವ ಒಂದೇ ಸ್ವರಸಾಲು) ಸುತ್ತಿ ಸುತ್ತಿ ಬರುತ್ತಿರುತ್ತದೆ, ಅದರ ಮೇಲೆ ತಬಲಾ ಸೊಗಸಾಗಿ ಕೂರುತ್ತದೆ. ಆದರೆ ಸವಾಲ್-ಜವಾಬ್ ಮಾಡಲು ಹೋದರೆ ಪ್ರಶ್ನೆಗೆ ಉತ್ತರ ಒಂದು ಆವರ್ತನ ತಡವಾಗಿ ಬರುತ್ತದೆ. ಅಭ್ಯಾಸಕ್ಕೆ ಅಡ್ಡಿಯಿಲ್ಲ, ಕಛೇರಿಗೆ ಆಗದು.

ಹೀಗಾಗಿ ಉಳಿಯುವುದು ಒಂದೇ ದಾರಿ. ಒಬ್ಬರು ರೆಕಾರ್ಡ್ ಮಾಡಿ ಕಳಿಸುವುದು, ಅದನ್ನು ಕೇಳುತ್ತ ಇನ್ನೊಬ್ಬರು ತಮ್ಮದನ್ನು ಸೇರಿಸುವುದು. ನಾವು ಮಾಡಿದ್ದೂ ಅದನ್ನೇ. ಆದರೂ ಕೆಟ್ಟಿತು.

ತಬಲಾ ಯಾಕೆ ಹಿಂದೆ ಬಿತ್ತು? ಅವರು ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತ ಬಾರಿಸಿದ್ದರು. ಬ್ಲೂಟೂತಿನಲ್ಲಿ ಹಾಡು ಕಿವಿಗೆ ಬರುವುದೇ 100ರಿಂದ 200 ಮಿಲಿಸೆಕೆಂಡ್ ತಡವಾಗಿ. ಅವರು ತಾವು ಕೇಳಿದ್ದಕ್ಕೆ ಸರಿಯಾಗಿಯೇ ಬಾರಿಸಿದ್ದರು. ಫೈಲಿನಲ್ಲಿ ಮಾತ್ರ ಅಷ್ಟೂ ಹಿಂದೆ ಬಿತ್ತು. ಇದನ್ನು ಪತ್ತೆ ಹಚ್ಚಲು ಒಂದು ಉಪಾಯವಿದೆ. ಹಾಡಿನ ಶುರುವಿನಲ್ಲಿ ಎಷ್ಟು ಹಿಂದಿದೆಯೋ ಕೊನೆಯಲ್ಲೂ ಅಷ್ಟೇ ಹಿಂದಿದ್ದರೆ ಇಡೀ ಟ್ರ್ಯಾಕನ್ನು ಮುಂದಕ್ಕೆ ಸರಿಸಿದರೆ ಮುಗಿಯಿತು. ಹೋಗ್ತಾ ಹೋಗ್ತಾ ದೂರ ಆಗುತ್ತಿದ್ದರೆ ಅದು ಬೇರೆ ಕಾಯಿಲೆ, ಎರಡು ಫೋನುಗಳ ಗಡಿಯಾರ ಒಂದೇ ವೇಗದಲ್ಲಿ ನಡೆಯುತ್ತಿಲ್ಲ ಅಂತ ಅರ್ಥ. ಐದು ನಿಮಿಷದ ಹಾಡಿನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಮುಕ್ಕಾಲು ಗಂಟೆಯ ಭಜನೆಯಲ್ಲಿ ಗೊತ್ತಾಗುತ್ತದೆ.

ಎಂಪಿ3 ಇನ್ನೊಂದು ಕಿತಾಪತಿ ಮಾಡುತ್ತದೆ. ಫೈಲನ್ನು ಎಂಪಿ3 ಮಾಡುವಾಗ ಶುರುವಿನಲ್ಲಿ ಒಂದು ಚೂರು ಖಾಲಿ ಜಾಗ ಸೇರಿಕೊಳ್ಳುತ್ತದೆ, ಸುಮಾರು 25 ಮಿಲಿಸೆಕೆಂಡಿನ ಆಸುಪಾಸು. ಅದನ್ನು ಕತ್ತರಿಸದ ಸಾಫ್ಟ್‌ವೇರಿನಲ್ಲಿ ನಾಲ್ಕು ಜನ ನಾಲ್ಕು ಸಲ ತೆರೆದು ಉಳಿಸಿದರೆ ಅದು 100 ಆಗುತ್ತದೆ. ಜೊತೆಗೆ ಪ್ರತಿ ಸಲವೂ ಧ್ವನಿ ಒಂದಿಷ್ಟು ಸವೆಯುತ್ತದೆ. ಅದಕ್ಕೇ ಸ್ಟುಡಿಯೊದವರು ವೇವ್ ಫೈಲ್ (ಹಿಂಡದೆ ಇದ್ದ ಹಾಗೇ ಉಳಿಸಿದ್ದು) ಕೊಡಿ ಎಂದು ಹಟ ಹಿಡಿಯುವುದು.

ಪೇಟಿಗೂ ಗಿಟಾರಿಗೂ ಯಾಕೆ ಸೇರಲಿಲ್ಲ ಎನ್ನುವುದು ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿತು. ನಾವು ಗ್ರೂಪಿನಲ್ಲಿ "ಕರಿ ಎರಡು" ಅಂತ ಬರೆದಿದ್ದೆವು, ಅಂದರೆ ಪೇಟಿಯ ಎರಡನೇ ಕರಿ ಮನೆಯೇ ಷಡ್ಜ (ಸ). ಎಲ್ಲರೂ ಒಪ್ಪಿದ್ದರು. ಗಿಟಾರ್ ಹುಡುಗ ಫೋನಿನ ಟ್ಯೂನರ್ ನೋಡಿ ತಂತಿ ಬಿಗಿದ. ಆ ಟ್ಯೂನರ್ ಈಗ ಎಲ್ಲೆಡೆ ಬಳಸುವ 440 ಹರ್ಟ್ಸ್ ಶ್ರುತಿಯ ಲೆಕ್ಕದ್ದು. ನನ್ನ ಪೇಟಿ ನಮ್ಮ ಅಜ್ಜನ ಕಾಲದ್ದು, ಅದರ ಸ್ವರಪಟ್ಟಿಗಳು ಆ ಲೆಕ್ಕಕ್ಕೆ ಬಗ್ಗುವುದಿಲ್ಲ, ಒಂದು ಚೂರು ಏರಿವೆ. ಒಂದೇ ಕೋಣೆಯಲ್ಲಿ ಇದ್ದಿದ್ದರೆ ಅವನು ಪೇಟಿಯ ಷಡ್ಜ ಕೇಳಿ ಒಂದು ನಿಮಿಷದಲ್ಲಿ ತಂತಿ ಹೊಂದಿಸಿಕೊಳ್ಳುತ್ತಿದ್ದ. ತಬಲಾದವರು ಸುತ್ತಿಗೆ ತಗೊಂಡು ನಾಲ್ಕು ಪೆಟ್ಟು ಹಾಕುತ್ತಿದ್ದರು. ಯಾರೂ ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಒಟ್ಟಿಗೆ ಕೂತಾಗ ನಮ್ಮ ಕಿವಿ ಸುಮ್ನೆ ಮಾಡಿಬಿಡುವ ಕೆಲಸ ಅದು. ದೂರ ಕೂತಾಗ ಆ ಕೆಲಸವನ್ನು ಯಾರೂ ಮಾಡುವುದಿಲ್ಲ. ನಾವು ಕಳಿಸಿದ್ದು ಹಾಡನ್ನು. ಶ್ರುತಿಯನ್ನೂ ಲಯವನ್ನೂ ಯಾರೂ ಯಾರಿಗೂ ಕಳಿಸಿರಲಿಲ್ಲ.

ಈಗ ನಾವು ಹೊಸ ಹಾಡು ಶುರು ಮಾಡುವಾಗ ಫೋಲ್ಡರಿನಲ್ಲಿ ಮೊದಲು ಬೀಳುವ ಫೈಲು ಮೂರು ನಿಮಿಷದ ತಂಬೂರಿ. ಪೇಟಿಯ ಷಡ್ಜಕ್ಕೆ ಕೂಡಿಸಿದ್ದು. ಎಲ್ಲರೂ ಅದನ್ನು ಹಾಕಿಕೊಂಡು ವಾದ್ಯ ಹೊಂದಿಸಿಕೊಳ್ಳಬೇಕು, ಟ್ಯೂನರ್ ನೋಡುವ ಹಾಗಿಲ್ಲ. ಎರಡನೆಯದು ಕಚ್ಚಾ ಹಾಡು: ಬರೀ ಠೇಕಾ (ತಾಳದ ಸಾದಾ ತಬಲಾ ನುಡಿಕೆ), ಅದರ ಮೇಲೆ ಸಾದಾ ಹಾಡಿಕೆ, ಶುರುವಿಗೆ ಜೋರಾಗಿ ಒಂದು ಚಪ್ಪಾಳೆ. ಕೊಳಲು ಬರುವುದು ಮೂರನೇ ನಿಮಿಷಕ್ಕೇ ಇರಲಿ, ಅವಳು ಕಳಿಸುವ ಫೈಲು ಆ ಚಪ್ಪಾಳೆಯಿಂದಲೇ ಶುರುವಾಗಬೇಕು. ಆಗ ಎಲ್ಲ ಫೈಲುಗಳ ತಲೆ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಜೋಡಿಸುವವರು ಹುಡುಕಾಡಬೇಕಿಲ್ಲ.

ಕಚ್ಚಾ ಹಾಡನ್ನು ಮೆಟ್ರೊನೋಮಿನ ಟಿಕ್ ಟಿಕ್ ಮೇಲೆ ಮಾಡಿದರೆ ಸುಲಭ ಅಲ್ವಾ ಎಂದು ಗಿಟಾರ್ ಹುಡುಗ ಕೇಳಿದ. ಸುಲಭ, ನಿಜ. ಅವನು ಕಲಿತ ಸಂಗೀತಕ್ಕೆ ಅದು ಸರಿಯೂ ಹೌದು. ಆದರೆ ತತ್ವಪದ ಕೊನೆಯ ನುಡಿಗೆ ಬರುವಾಗ ತಾನಾಗಿ ಒಂದಿಷ್ಟು ಚುರುಕಾಗುತ್ತದೆ. ಟಿಕ್ ಟಿಕ್ ಮೇಲೆ ಹಾಡಿದರೆ ಆ ಏರಿಕೆ ಸತ್ತುಹೋಗುತ್ತದೆ, ಸ್ವರ ಎಲ್ಲ ಸರಿ ಇದ್ದರೂ ಹಾಡು ಕಟ್ಟಿಗೆಯ ಹಾಗೆ ಕೇಳುತ್ತದೆ. ನಮ್ಮ ತೀರ್ಮಾನ ಏನೆಂದರೆ ಹಾಡುವವರು ಮತ್ತು ತಬಲಾದವರು ಒಂದು ಸಲ ಒಂದೇ ಮನೆಯಲ್ಲಿ ಕೂಡಬೇಕು. ಗದಗದಿಂದ ಧಾರವಾಡಕ್ಕೆ ಸುಮಾರು 80 ಕಿಲೋಮೀಟರ್. ಒಂದು ಭಾನುವಾರದ ಬಸ್ ಚಾರ್ಜು ಎರಡು ವಾರದ ಪರದಾಟವನ್ನು ಉಳಿಸುತ್ತದೆ. ಉಳಿದವರು ಎಲ್ಲಿದ್ದರೂ ನಡೆಯುತ್ತದೆ.

ಖ್ಯಾಲ್ (ಹಿಂದೂಸ್ತಾನಿ ಶಾಸ್ತ್ರೀಯ ಗಾಯನ) ವಿಷಯದಲ್ಲಿ ನಾನು ಇಷ್ಟಕ್ಕೂ ಒಪ್ಪುವುದಿಲ್ಲ. ಅಲ್ಲಿ ಪೇಟಿ ಗಾಯಕರ ಉಸಿರು ನೋಡಿಕೊಂಡು ಹಿಂದೆ ಹಿಂದೆ ಹೋಗಬೇಕು, ಗಾಯಕರು ತಬಲಾದವರ ಕಣ್ಣು ನೋಡಿ ಸಮ್‌ಗೆ ಬರುತ್ತಾರೆ. ಅದನ್ನು ತುಂಡು ತುಂಡಾಗಿ ಬೇರೆ ಬೇರೆ ಊರಲ್ಲಿ ಮಾಡಿ ಹೊಲಿಯಬಾರದು. ಭಾವಗೀತೆ, ವಚನ, ತತ್ವಪದ, ಫ್ಯೂಷನ್ ಇವಕ್ಕೆಲ್ಲ ಈ ದಾರಿ ಒಗ್ಗುತ್ತದೆ.

ಇನ್ನು ಫೋನಿನ ಮೈಕು. ಇದರ ಬಗ್ಗೆ ಒಂದು ಹಳೆಯ ಸಂಗತಿ ಹೇಳಬೇಕು. 2020ರ ಲಾಕ್‌ಡೌನಿನಲ್ಲಿ ಪಾಠ ಎಲ್ಲ ಕಂಪ್ಯೂಟರಿಗೆ ಬಂದಾಗ ನಮ್ಮ ಗುರುಗಳು ದಿನಾ ಕೇಳುತ್ತಿದ್ದರು, "ತಂಬೂರಿ ಕೇಳಸ್ತದೇನಪಾ?" ಅವರ ಹಿಂದೆ ತಂಬೂರಿ ಮೀಟುತ್ತ ಕೂತವರು ಪರದೆಯ ಮೇಲೆ ಕಾಣುತ್ತಿದ್ದರು. ಬೆರಳು ಆಡುತ್ತಿತ್ತು. ನನ್ನ ಕಿವಿಗೆ ಏನೂ ಇಲ್ಲ. ಗುರುಗಳು ಹಾಡಲು ಬಾಯಿ ತೆರೆದಾಗ ಅವರ ದನಿಯ ಜೊತೆ ಒಂದು ಎಳೆ ತಂಬೂರಿ ಬಂದು, ದನಿ ನಿಂತ ಕೂಡಲೇ ಮಾಯವಾಗುತ್ತಿತ್ತು. ನೆಟ್‌ವರ್ಕ್ ಸರಿ ಇಲ್ಲ ಅಂತ ತಿಂಗಳುಗಟ್ಟಲೆ ತಿಳಿದುಕೊಂಡಿದ್ದೆವು.

ಕಾರಣ ಬೇರೆ. ವಿಡಿಯೊ ಕಾಲಿನ ಸಾಫ್ಟ್‌ವೇರು ಮಾತಿಗಾಗಿ ಮಾಡಿದ್ದು. ಬದಲಾಗದೆ ಒಂದೇ ಸಮನೆ ಬರುವ ಸದ್ದು ಅದರ ಲೆಕ್ಕದಲ್ಲಿ ಫ್ಯಾನಿನ ಸದ್ದು, ಮಿಕ್ಸಿಯ ಸದ್ದು. ಅಂಥದ್ದನ್ನು ಹುಡುಕಿ ಅಳಿಸುವುದೇ ಅದರ ಕೆಲಸ. ತಂಬೂರಿಯೂ ಒಂದೇ ಸಮನೆ ಬರುತ್ತದೆ. ನಾವು ಯಾವುದರ ಮೇಲೆ ಇಡೀ ಸಂಗೀತ ಕಟ್ಟುತ್ತೇವೋ ಅದನ್ನೇ ಅದು ಕಸ ಎಂದು ಗುಡಿಸಿ ಹಾಕುತ್ತಿತ್ತು. ಝೂಮ್‌ನಲ್ಲಿ ಇದನ್ನು ತಪ್ಪಿಸಲು ಸಂಗೀತಗಾರರಿಗಾಗಿ 'ಒರಿಜಿನಲ್ ಸೌಂಡ್' ಎಂಬ ಆಯ್ಕೆ ಇದೆ, ಆನ್ ಮಾಡಿದರೆ ತಂಬೂರಿ ವಾಪಸ್ ಬರುತ್ತದೆ. ಗೂಗಲ್ ಮೀಟ್‌ನಲ್ಲೂ ಸದ್ದು ಅಳಿಸುವುದನ್ನು ಆಫ್ ಮಾಡಬಹುದು.

ಫೋನಿನ ರೆಕಾರ್ಡರುಗಳಲ್ಲೂ ಹಲವು ಇದೇ ಚಾಳಿಯವು. ಜೊತೆಗೆ ಮೆಲ್ಲಗಿನ ಸ್ವರವನ್ನು ಎತ್ತುತ್ತವೆ, ಜೋರಾದದ್ದನ್ನು ಅದುಮುತ್ತವೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ಕೊನೆಯಲ್ಲಿ ದನಿ ಸಣ್ಣಗಾಗುತ್ತ ಹೋಗುವ ಸೊಗಸು ಹಾಳಾಗುತ್ತದೆ. ವೇವ್‌ನಲ್ಲಿ ರೆಕಾರ್ಡ್ ಮಾಡುವ, ಈ ತಾನಾಗಿ ಎತ್ತುವ-ಅದುಮುವ ಆಟವನ್ನು ನಿಲ್ಲಿಸಲು ಬರುವ ಆ್ಯಪ್ ಹುಡುಕಿಕೊಳ್ಳಿ. ಹಾವೇರಿ ಕಡೆಯ ಡೊಳ್ಳಿನವರಿಗೆ, ನಮ್ಮ ಕಡೆಯ ಜಗ್ಗಲಿಗೆಯವರಿಗೆ ಇನ್ನೊಂದು ಮಾತು. ಫೋನನ್ನು ಡೊಳ್ಳಿನ ಎದುರಿಗೇ ಹಿಡಿಯಬೇಡಿ. ಮೈಕು ತಾಳಲಾರದಷ್ಟು ಜೋರಾದ ಪೆಟ್ಟು ಬಿದ್ದರೆ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ, ಆಮೇಲೆ ಯಾವ ಸ್ಟುಡಿಯೊದವರೂ ಅದನ್ನು ಪೂರ್ತಿ ಸರಿ ಮಾಡಲಾರರು. ದೂರ ಇಡಿ, ಮೀಟರು ಕೆಂಪು ಮುಟ್ಟದ ಹಾಗೆ ನೋಡಿಕೊಳ್ಳಿ. ಸಣ್ಣಗೆ ಬಂದದ್ದನ್ನು ಎತ್ತಬಹುದು, ಒಡೆದದ್ದನ್ನು ಕೂಡಿಸಲು ಬರುವುದಿಲ್ಲ.

ಕೋಣೆಗೆ ದುಡ್ಡು ಸುರಿಯಬೇಕಿಲ್ಲ. ಮಾಳಮಡ್ಡಿಯ ಹಂಚಿನ ಮನೆಯ ನಡುಮನೆಯಲ್ಲಿ ನಾವು ಬಾಗಿಲಿಗೆ ಒಂದು, ಕಿಟಕಿಗೆ ಒಂದು ಕೌದಿ ತೂಗುಹಾಕುತ್ತೇವೆ. ಹಳೆ ಸೀರೆಯ ಏಳೆಂಟು ಪದರ ಸೇರಿಸಿ ಹೊಲಿದ ದಪ್ಪ ಕೌದಿ ದನಿಯ ಮಾರ್ದನಿಯನ್ನು ಚೆನ್ನಾಗಿ ಕುಡಿಯುತ್ತದೆ. ಗೋಡೆಗೆ ಒತ್ತಿ ಹಾಕದೆ ನಾಲ್ಕು ಬೆರಳು ಬಿಟ್ಟು ಹಾಕಿದರೆ ಇನ್ನೂ ಒಳ್ಳೆಯದು. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮಾತ್ರ ಮದ್ದಿಲ್ಲ, ಕಾಯಬೇಕು.

ಫೈಲು ಕಳಿಸುವ ಲೆಕ್ಕಕ್ಕೆ ಬರೋಣ. 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೊನೊ ವೇವ್ ಫೈಲು ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಹಾಡಿಗೆ ಎಂಟು ಟ್ರ್ಯಾಕ್ ಅಂದರೆ ಹೆಚ್ಚುಕಡಿಮೆ 345 ಎಂಬಿ. ಅಪ್‌ಲೋಡ್ ವೇಗ 5 ಎಂಬಿಪಿಎಸ್ ಇದ್ದರೆ ಸುಮಾರು 9 ನಿಮಿಷ, 1 ಎಂಬಿಪಿಎಸ್ ಇದ್ದರೆ ಮುಕ್ಕಾಲು ಗಂಟೆ, ಅದೂ ನಡುವೆ ಕರೆಂಟ್ ಹೋಗದಿದ್ದರೆ. ವಾಟ್ಸ್ಆ್ಯಪ್ ವಾಯ್ಸ್ ನೋಟು ಮಾತಿಗಾಗಿ ಹಿಂಡಿ ಸಣ್ಣ ಮಾಡಿದ್ದು, ಹಾಡಿಗೆ ಸಲ್ಲದು. ಆದರೆ ಅದೇ ವಾಟ್ಸ್ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಎಂದು ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ. 2022ರಿಂದ 2 ಜಿಬಿ ತನಕ ಕಳಿಸಬಹುದು. ನಮ್ಮ ಗುಂಪಿನ ಅರ್ಧ ಸಮಸ್ಯೆ ಈ ಒಂದು ಗುಂಡಿ ಒತ್ತುವುದರಿಂದ ಹೋಯಿತು. ಕಂಪ್ಯೂಟರ್ ಇಲ್ಲದವರಿಗೆ ಬ್ಯಾಂಡ್‌ಲ್ಯಾಬ್ ಚೆನ್ನಾಗಿದೆ. ಫೋನಿನಲ್ಲೇ ಟ್ರ್ಯಾಕ್ ಮೇಲೆ ಟ್ರ್ಯಾಕ್ ಸೇರಿಸಬಹುದು, ಹಿಂದಿನ ಆವೃತ್ತಿಗೆ ಮರಳಬಹುದು. ಕಂಪ್ಯೂಟರ್ ಇದ್ದವರಿಗೆ ಆಡಾಸಿಟಿ ಪುಕ್ಕಟೆ ಇದೆ. ಹೆಸರಿನ ಬಗ್ಗೆ ಮಾತ್ರ ಎಚ್ಚರ. ನಮ್ಮ ಫೋಲ್ಡರಿನಲ್ಲಿ ಒಂದು ಕಾಲಕ್ಕೆ 'ಫೈನಲ್', 'ಫೈನಲ್ ಹೊಸಾದು', 'ಖರೇ ಫೈನಲ್' ಎಂಬ ಮೂರು ಫೈಲುಗಳಿದ್ದವು, ಮಿಕ್ಸಿಂಗಿಗೆ ಹೋದದ್ದು ಮೊದಲನೆಯದು. ಈಗ ಹಾಡಿನ ಹೆಸರು, ವಾದ್ಯ, ತಾರೀಕು, ಇಷ್ಟೇ ಬರೆಯುತ್ತೇವೆ.

ಇಷ್ಟೆಲ್ಲ ಆದ ಮೇಲೆ ಬರುವ ಪ್ರಶ್ನೆಯನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಸ್ನೇಹ ಕೆಡುತ್ತದೆ ಅಂತ ಸಂಕೋಚ. ಈ ಹಾಡು ಯಾರದ್ದು?

ಕಾನೂನಿನ ಕಣ್ಣಲ್ಲಿ ಒಂದು ಹಾಡು ಒಂದೇ ವಸ್ತು ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಬರೆದವರ ಹಕ್ಕು ಬೇರೆ, ಮಟ್ಟು (ಹಾಡಿನ ಧಾಟಿ) ಹಾಕಿದವರ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ, ಹಾಡಿದ-ನುಡಿಸಿದವರ ಹಕ್ಕು ಬೇರೆ. ತತ್ವಪದವನ್ನೇ ತಗೊಳ್ಳಿ. ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫರು 1889ರಲ್ಲಿ ತೀರಿಕೊಂಡರು. ಅವರ ಪದಗಳು ಎಲ್ಲರ ಸೊತ್ತು. ಆದರೆ ಆ ಪದಗಳಿಗೆ ಸಿ. ಅಶ್ವತ್ಥ್ ಹೊಸದಾಗಿ ಕಟ್ಟಿದ ಮಟ್ಟುಗಳು ಹಾಗಲ್ಲ. ಮಟ್ಟು ಹಾಕಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಅಶ್ವತ್ಥ್ ಹೋದದ್ದು 2009ರಲ್ಲಿ. ಹಾಗಾಗಿ "ಷರೀಫರ ಪದ, ಯಾರು ಬೇಕಾದರೂ ಹಾಡಬಹುದು" ಎನ್ನುವ ಮಾತು ಅರ್ಧ ಮಾತ್ರ ನಿಜ. ನಿಮ್ಮ ಊರಿನ ಭಜನೆಯವರು ತಲೆತಲಾಂತರದಿಂದ ಹಾಡಿಕೊಂಡು ಬಂದ ಮಟ್ಟಿನಲ್ಲಿ ಹಾಡಿದರೆ ಆ ತಕರಾರಿಲ್ಲ. ನನ್ನ ಕೇಳಿದರೆ ಸಂಗೀತಕ್ಕೂ ಅದೇ ಒಳ್ಳೆಯದು, ಊರಿಗೊಂದು ಮಟ್ಟು ಉಳಿಯುತ್ತದೆ.

ರೆಕಾರ್ಡಿಂಗಿನ ಹಕ್ಕು ಇನ್ನೂ ತೊಡಕಿನದು. ಅದು ಮುಂದೆ ನಿಂತು, ಜವಾಬ್ದಾರಿ ಹೊತ್ತು ರೆಕಾರ್ಡಿಂಗ್ ಮಾಡಿಸಿದವರಿಗೆ ಸೇರುತ್ತದೆ ಎನ್ನುತ್ತದೆ ಕಾಯ್ದೆ. ಸ್ಟುಡಿಯೊ ಕಾಲದಲ್ಲಿ ಅದು ಯಾರೆಂದು ಸ್ಪಷ್ಟವಿತ್ತು. ಐದು ಮನೆ, ಐದು ಫೋನು, ಒಂದು ಡ್ರೈವ್ ಫೋಲ್ಡರ್ ಇದ್ದಾಗ ಜವಾಬ್ದಾರಿ ಹೊತ್ತವರು ಯಾರು? ಕೊನೆಗೆ ಸ್ಪಾಟಿಫೈ, ಯೂಟ್ಯೂಬ್‌ಗೆ ಹಾಕಲು ಯಾರ ಹೆಸರಲ್ಲಿ ಖಾತೆ ತೆರೆದರೋ ಅವರೇ ಯಜಮಾನರಾಗಿಬಿಡುತ್ತಾರೆ. ಗುಂಪು ಒಡೆದರೆ ಪಾಸ್‌ವರ್ಡ್ ಇದ್ದವರ ಕೈಯಲ್ಲೇ ಹಾಡು ಉಳಿಯುತ್ತದೆ. ನನಗೆ ಗೊತ್ತಿರುವ ಒಂದು ಗುಂಪಿನಲ್ಲಿ ಹೀಗೇ ಆಯಿತು. ಮೂರು ವರ್ಷದ ಕೆಲಸ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಎಲ್ಲೂ ಇರಲಿಲ್ಲ.

ಹಕ್ಕನ್ನು ಒಬ್ಬರಿಗೆ ಬರೆದುಕೊಡುವುದಿದ್ದರೆ ಅದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು ಎನ್ನುತ್ತದೆ ಕಾಯ್ದೆಯ 19ನೇ ಕಲಮು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇದಕ್ಕೆ ವಕೀಲರೇ ಬೇಕು ಅಂತ ಏನಿಲ್ಲ, ದೊಡ್ಡ ಕಂಪನಿಯ ಜೊತೆ ವ್ಯವಹಾರ ಅಲ್ಲದಿದ್ದರೆ. ನಾವು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದೆವು: ಮಟ್ಟು ಯಾರದು, ಯಾರು ಏನು ನುಡಿಸಿದರು, ದುಡ್ಡು ಬಂದರೆ ಹೇಗೆ ಹಂಚಿಕೆ, ಒಬ್ಬರು ಗುಂಪು ಬಿಟ್ಟರೆ ಅವರ ಟ್ರ್ಯಾಕ್ ಏನಾಗಬೇಕು. ಐದೂ ಜನ ಸಹಿ ಹಾಕಿದೆವು.

ಹೆಸರಿನ ವಿಷಯವನ್ನೂ ಆ ಹಾಳೆಯಲ್ಲೇ ಸೇರಿಸಿದೆವು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಗ್ರಾಮಫೋನ್ ರೆಕಾರ್ಡುಗಳು 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಲ್ಲಿ ಬಂದಿದ್ದವು, 1930ರ ದಶಕದಲ್ಲಿ. ಹೆಸರು ಬೇರೆಯಾದರೂ ಹಾಡಿದವರ ಗುರುತು, ಊರಿನ ಗುರುತು ಆ ತಟ್ಟೆಯ ಮೇಲೆ ಉಳಿಯಿತು. ಆದರೆ ಆ ಕಾಲದ ಎಷ್ಟೋ ತಟ್ಟೆಗಳ ಮೇಲೆ ತಬಲಾ ಬಾರಿಸಿದವರು ಯಾರು, ಪೇಟಿ ಹಿಡಿದವರು ಯಾರು ಎಂದು ಇಲ್ಲ. ಇವತ್ತು ಹೆಸರು ಬರೆಯಲು ಬೇಕಾದಷ್ಟು ಜಾಗ ಇದೆ, ದುಡ್ಡೂ ಬೇಡ. ಆದರೂ ಹಾಡು ಹಾಕುವವರು ಬರೆಯುವುದಿಲ್ಲ. 2012ರ ತಿದ್ದುಪಡಿಯಾದ ಮೇಲೆ ನುಡಿಸಿದವರಿಗೆ ತಮ್ಮ ಹೆಸರು ಕೇಳುವ ಹಕ್ಕು ಕಾಯ್ದೆಯಲ್ಲೇ ಇದೆ.

ಫೈಲುಗಳನ್ನು ಎಲ್ಲಿ ಇಡುವುದು ಎನ್ನುವುದು ಕೊನೆಯ ತಲೆನೋವು. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲೇ ಮೇಲ್, ಫೋಟೊ ಎಲ್ಲ. ನಮ್ಮ ಲೆಕ್ಕದ ಹಾಡುಗಳಾದರೆ ನಲವತ್ಮೂರು ಹಾಡಿಗೆ ತುಂಬುತ್ತದೆ. ಎರಡು ವರ್ಷ ಖಾತೆ ಮುಟ್ಟದೇ ಬಿಟ್ಟರೆ ಗೂಗಲ್ ಅದನ್ನು ಅಳಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡದೆ ಬಿಟ್ಟ ಫೈಲು ಕೆಲವು ವಾರದ ಮೇಲೆ ಸಿಗುವುದಿಲ್ಲ. ಅದಕ್ಕೇ ಎರಡು ಹಾರ್ಡ್ ಡಿಸ್ಕ್ ತಂದಿದ್ದೇವೆ. ಒಂದು ಧಾರವಾಡದಲ್ಲಿ, ಹಾಡುವವರ ಮನೆಯ ಕಪಾಟಿನಲ್ಲಿ. ಇನ್ನೊಂದು ಪುಣೆಯಲ್ಲಿ, ಕೊಳಲಿನವಳ ಹತ್ತಿರ. ಅವಳು ಊರಿಗೆ ಬಂದಾಗಲೆಲ್ಲ ತನ್ನದನ್ನು ತಂದು, ಹೊಸ ಹಾಡುಗಳನ್ನು ತುಂಬಿಕೊಂಡು, ಸಹಿಯ ಹಾಳೆಗಳ ಫೋಟೊವನ್ನೂ ಸೇರಿಸಿಕೊಂಡು ಹೋಗುತ್ತಾಳೆ. ಈ ಸಲ ದೀಪಾವಳಿಗೆ ಬರುತ್ತಾಳೆ.